ಒಲೆ ಒರೆಸುವವರು

ಆ ವಾರದಲ್ಲಿ ಮೂರನೆಯ ಸಲ ಹಾಲು ಉಕ್ಕಿ ಒಲೆಯ ಮೇಲೆ ಹರಿದಾಗ ಸೊಸೆ ಹಲ್ಲುಜ್ಜುತ್ತಿದ್ದಳು. ಸೀದ ವಾಸನೆ ಬಚ್ಚಲಿನವರೆಗೂ ಬಂತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದು ನೋಡಿದರೆ, ಅತ್ತೆ ಒಲೆಗೆ ಬೆನ್ನು ಹಾಕಿ ಕೂತು ನೆಮ್ಮದಿಯಾಗಿ ಬೀನ್ಸಿನ ನಾರು ತೆಗೆಯುತ್ತಿದ್ದರು. ಅವರ ಬೆನ್ನಿಗೆ ಒಂದು ಮಾರು ದೂರದಲ್ಲಿ ಹಾಲು ಬರ್ನರಿನ ತೂತುಗಳಿಗೆಲ್ಲ ಇಳಿದು, ಒಲೆಯ ಗಾಜಿನ ಮೇಲೆ ಹರಡಿ, ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತಿತ್ತು.

ಸೊಸೆ ಗ್ಯಾಸ್ ಆರಿಸಿ ಗಡಿಯಾರ ನೋಡಿದಳು. ಆರೂಮುಕ್ಕಾಲು. ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆಯುವವಳು ಅವಳೇ.

ಒಲೆ ಒರೆಸುವುದೆಂದರೆ ಬಟ್ಟೆ ತಂದು ಎಳೆದುಬಿಡುವ ಕೆಲಸವಲ್ಲ. ಮೊದಲು ಅದು ಆರಬೇಕು. ಕಾದ ಗಾಜಿಗೆ ತಣ್ಣೀರಿನ ಬಟ್ಟೆ ತಾಗಿದರೆ ಬಿರುಕು ಬಿಡುತ್ತದೆ. ಆಮೇಲೆ ಪಾತ್ರೆ ಕೂರಿಸುವ ಸ್ಟ್ಯಾಂಡುಗಳನ್ನೂ ಹಿತ್ತಾಳೆಯ ಬರ್ನರುಗಳನ್ನೂ ಎತ್ತಿ, ಸೋಪು, ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಒಂದೊಂದು ತೂತಿಗೂ ಗುಂಡುಸೂಜಿ ಚುಚ್ಚಿ ಕಸ ತೆಗೆಯಬೇಕು. ಗಾಜಿನ ಮೇಲೆ ಅಂಟಿದ ಹಾಲಿನ ಕೆನೆಯನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಕೆರೆಯದೆ, ಉಜ್ಜದೆ, ಉಪಾಯವಾಗಿ ಎಬ್ಬಿಸಬೇಕು. ಕೊನೆಗೆ ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ನೀರೂ ಉಳಿಯದಂತೆ ಆರಿಸಿ ಜೋಡಿಸಬೇಕು. ಇಷ್ಟಕ್ಕೆ ಮುಕ್ಕಾಲು ಗಂಟೆ. ಅವಳ ಬೆಳಗಿನಲ್ಲಿ ಮುಕ್ಕಾಲು ಗಂಟೆ ಎಲ್ಲೂ ಬಿದ್ದಿರುತ್ತಿರಲಿಲ್ಲ.

"ಅತ್ತೆ, ಹಾಲಿಟ್ಟಾಗ ಅಲ್ಲೇ ನಿಂತಿರಿ ಅಂತ ಎಷ್ಟು ಸಲ ಹೇಳೋದು?"

"ಹಾಲು ಅಂದ್ಮೇಲೆ ಉಕ್ಕುತ್ತಮ್ಮಾ. ಉಕ್ಕದಿದ್ರೆ ಅದು ನೀರು," ಎಂದರು ಅತ್ತೆ, ನಾರಿನ ಮೇಲಿನ ಕಣ್ಣು ತೆಗೆಯದೆ.

ಮೂರು ಬರ್ನರಿನ ಆ ಕಪ್ಪು ಗಾಜಿನ ಒಲೆಯನ್ನು ಸೊಸೆ ಹಿಂದಿನ ವರ್ಷ ತನ್ನ ದುಡಿಮೆಯಿಂದ ಕೊಂಡಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಇಡೀ ದಿನ ಬೇರೆಯವರ ಬೆರಳಚ್ಚು ಒರೆಸುವುದೇ ಕೆಲಸವಾದ್ದರಿಂದ, ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅವಳ ಕಣ್ಣಿಗೆ ಮೈಲಿ ದೂರದಿಂದ ಕಾಣುತ್ತಿತ್ತು. ಅತ್ತೆಯದು ಬೇರೆಯೇ ಲೋಕ. ದಾದಿಯರ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವರು. ಕೊನೆಯ ಹನ್ನೆರಡು ವರ್ಷ ಅಲ್ಲಿಯ ಅಡುಗೆಮನೆಯ ಯಜಮಾನಿ. ನೂರೈವತ್ತು ಜನ ಹುಡುಗಿಯರು ಗಂಟೆಗೂ ಕಾಯದೆ ಘಮಕ್ಕೇ ಮಹಡಿಯಿಂದ ಇಳಿದುಬರುತ್ತಿದ್ದರೆಂದು ಅವರು ಹೇಳಿ ಹೇಳಿ, ಮನೆಯವರಿಗೆಲ್ಲ ಆ ಹುಡುಗಿಯರ ಮುಖವೇ ಪರಿಚಯವಾದಂತಿತ್ತು. ಅಲ್ಲಿ ಒಲೆ ಕಬ್ಬಿಣದ್ದು. ವಾರಕ್ಕೊಮ್ಮೆ ನಾಲ್ಕು ಬಕೆಟ್ ನೀರು ಸುರಿದು ಪೊರಕೆಯಲ್ಲಿ ತೊಳೆದರೆ ಮುಗಿಯಿತು.

ಅತ್ತೆಯ ಮಗ ಬಸ್ ಡ್ರೈವರ್. ಮೇಜಿನ ಮುಂದೆ ಕೂತು ಬ್ರೆಡ್ಡನ್ನು ಹಾಲಿಲ್ಲದ ಚಹಾದಲ್ಲಿ ಅದ್ದುತ್ತಿದ್ದವನು, ಒಂದು ಒಲೆಗೋಸ್ಕರ ಬೆಳಗಾಗೆದ್ದು ರಾಮಾಯಣ ಬೇಡ ಎಂದ. ಹಾಗಿದ್ದರೆ ಆ ಒಂದು ಒಲೆಯನ್ನು ನೀವೇ ಒರೆಸಿ ಎಂದಳು ಹೆಂಡತಿ. ಅವನಿಗೆ ಕೂಡಲೇ ಡಿಪೋ ನೆನಪಾಯಿತು.

ಸಮಸ್ಯೆಯನ್ನು ಕಾನೂನಿನ ಮೂಲಕ ಬಗೆಹರಿಸಲು ಹೊರಟವಳು ಮೊಮ್ಮಗಳು. ಹದಿಮೂರು ವರ್ಷದ ಈ ಹುಡುಗಿ ಮಾತಿಗೆ ಮಾತು ಜೋಡಿಸುವುದನ್ನು ನೋಡಿ ಮನೆಯಲ್ಲಿ ಲಾಯರ್ ಎಂದೇ ಕರೆಯುತ್ತಿದ್ದರು. ಅವಳು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: "ಚೆಲ್ಲಿದವರೇ ಒರೆಸತಕ್ಕದ್ದು." ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. "ತಕ್ಕದ್ದಂತೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಾರನೆಯ ದಿನ ಸಂಜೆ ಸೊಸೆ ಮನೆಗೆ ಬಂದಾಗ ಅಡುಗೆಮನೆಯ ನೆಲದಲ್ಲಿ ನೀರು ನಿಂತಿತ್ತು. ಅತ್ತೆ ಒಲೆ ತೊಳೆದಿದ್ದರು. ಒರೆಸಿದ್ದಲ್ಲ, ತೊಳೆದದ್ದು. ಒಂದು ಬಕೆಟ್ ನೀರು ಸುರಿದು, ಪಾತ್ರೆ ತಿಕ್ಕುವ ತಂತಿ ನಾರಿನಿಂದ ಗಾಜನ್ನು ಗಸಗಸ ಉಜ್ಜಿ, ಬರ್ನರುಗಳನ್ನು ಒದ್ದೆಯಲ್ಲೇ ಅದುಮಿ ಕೂರಿಸಿದ್ದರು. ಲೈಟರ್ ಒತ್ತಿದರೆ ಒಂದು ಬರ್ನರ್ ಹೊತ್ತಲೇ ಇಲ್ಲ. ಇನ್ನೊಂದು ಕೆಮ್ಮಿ, ಉಗುಳಿ ಆರಿತು. ಮೂರನೆಯದರಲ್ಲಿ ಹಳದಿ ಜ್ವಾಲೆ ಓಲಾಡುತ್ತಿತ್ತು. ಗಾಜಿನ ಮೇಲೆ ಬೆಕ್ಕು ಪರಚಿದಂತೆ ಗೀರುಗಳು.

"ನಿಯಮ ಅಂದ್ರಲ್ಲ, ಪಾಲಿಸಿದೀನಿ," ಎಂದರು ಅತ್ತೆ.

ಆ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದಂತೆ ಸೊಸೆಗೆ ಅಳು ಬಂತು. ಗಾಜಿಗಾಗಿ ಅಳುವುದು ನಾಚಿಕೆಗೇಡೆನಿಸಿ ಇನ್ನಷ್ಟು ಸಿಟ್ಟು ಬಂತು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಏನು ಹೇಳುವುದಿದ್ದರೂ ಲಾಯರ್ ಮೂಲಕ. ಅಮ್ಮನ್ನ ಅಕ್ಕಿ ಎಷ್ಟು ಹಾಕಬೇಕಂತ ಕೇಳು. ಅಜ್ಜಿಗೆ ಎರಡು ಲೋಟ ಅಂತ ಹೇಳು. ಇಬ್ಬರೂ ಕೈಗೆಟಕುವಷ್ಟು ದೂರದಲ್ಲೇ ನಿಂತಿರುತ್ತಿದ್ದರು. ನಾಲ್ಕನೆಯ ದಿನ ಲಾಯರ್ ತನಗೆ ಪರೀಕ್ಷೆಯಿದೆ, ಈ ಕಕ್ಷಿದಾರರು ಬೇಡ ಎಂದು ಬಾಗಿಲು ಹಾಕಿಕೊಂಡಳು.

ಸೊಸೆ ಹಟ ಹಿಡಿದು ಒಲೆ ಒರೆಸುವುದನ್ನೇ ಬಿಟ್ಟಳು. ಮೂರು ವಾರದಲ್ಲಿ ಒಲೆಯ ಗತಿ ಹೇಳತೀರದಾಯಿತು. ಬರ್ನರುಗಳ ತೂತು ಒಂದೊಂದಾಗಿ ಕಟ್ಟಿಕೊಂಡವು. ಪಾತ್ರೆಗಳ ತಳಕ್ಕೆ ಮಸಿ ಹತ್ತಿತು. ಪಾತ್ರೆ ಇಟ್ಟ ಕಟ್ಟೆಗೂ, ಕಟ್ಟೆ ಮುಟ್ಟಿದ ಕೈಗೂ ಹತ್ತಿತು. ಒಂದು ದಿನ ಮಗನ ಸಮವಸ್ತ್ರದ ಬೆನ್ನ ಮೇಲೆ ಐದು ಬೆರಳಿನ ಕಪ್ಪು ಗುರುತು ಮೂಡಿ, ಡಿಪೋದಲ್ಲಿ ಯಾರೋ ನಿನ್ನ ಹೆಂಡತಿ ಕೈ ಎತ್ತುತ್ತಾಳಾ ಎಂದು ಕೇಳಿದರು.

ಅಡುಗೆಯೂ ಕೆಟ್ಟಿತು. ಅನ್ನ ಒಂದು ದಿನ ಅರೆಬೆಂದರೆ ಮರುದಿನ ತಳಹಿಡಿದಿರುತ್ತಿತ್ತು. ಹುಳಿಯಾದ ಹಾಲಿನಲ್ಲಿ ಚಹಾ ಆಯಿತು. ಎರಡು ದಿನದ ಹಿಂದಿನ ಬೇಳೆ ಬಿಸಿಯಾಗಿ ಮತ್ತೆ ಮೇಜಿಗೆ ಬಂತು, ಬಟ್ಟಲಿಗೆ ಬಡಿಸುವಾಗಲೇ ಗಬ್ಬು. ಮಗ ತುತ್ತನ್ನು ಬಾಯಿಗಿಟ್ಟು ಹಾಗೇ ಎದ್ದುಹೋಗಿ ಉಗುಳಿಬಂದ.

ಆಗ ಸೊಸೆ ಲಾಯರನ್ನು ಕರೆಯದೆ ನೇರ ಮಾತಾಡಿದಳು. "ಅತ್ತೆ, ಇದು ಹಳಸಿದೆ ಅಂತ ನಿಮಗೆ ಗೊತ್ತಾಗಲಿಲ್ವಾ? ನೂರೈವತ್ತು ಜನಕ್ಕೆ ಅಡುಗೆ ಮಾಡಿದವರು ನೀವು. ನನ್ನ ಮೇಲಿನ ಸಿಟ್ಟಿಗೆ ಇವರಿಗೂ ಮಗೂಗೂ ಹಳಸಿದ್ದು ಹಾಕ್ತೀರಾ?"

"ಒಲೆ ಸರಿ ಇಲ್ಲ," ಎಂದರು ಅತ್ತೆ. "ಈ ಉರಿಯಲ್ಲಿ ಯಾವ ಅಡುಗೆ ನೆಟ್ಟಗಾಗುತ್ತೆ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಮೇಜಿನ ಸುತ್ತ ಯಾರೂ ಉಣ್ಣಲಿಲ್ಲ. ಅತ್ತೆ ಎದ್ದು ಬೇಳೆಯ ಪಾತ್ರೆಯನ್ನು ಎತ್ತಿಕೊಂಡುಹೋಗಿ ತೊಟ್ಟಿಗೆ ಸುರಿದರು. ಸುರಿಯುವ ಮುಂಚೆ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು ಒಂದು ಗಳಿಗೆ ನಿಂತದ್ದನ್ನು ಲಾಯರ್ ಮಾತ್ರ ನೋಡಿದಳು. ಅಜ್ಜಿ ಅಳುತ್ತಿದ್ದಾಳೆಂದುಕೊಂಡಳು.

ಶನಿವಾರ ಮಗ ಒಲೆ ರಿಪೇರಿಯವನನ್ನು ಕರೆತಂದ. ಭುಜಕ್ಕೊಂದು ಚೀಲ ನೇತುಹಾಕಿಕೊಂಡು, ಬೆರಳ ಸಂದಿಯೆಲ್ಲ ಎಣ್ಣೆ ಜಿಡ್ಡಾಗಿದ್ದ ಆತ ಒಲೆಯನ್ನು ಬೋರಲು ಹಾಕಿ, ಡಾಕ್ಟರು ಮಗುವಿನ ಬಾಯಿ ನೋಡುವ ಹಾಗೆ ನೋಡಿದ. ಒಲೆಗೆ ಯಾವ ರೋಗವೂ ಇಲ್ಲ, ಇದಕ್ಕೆ ಬೇಕಾದದ್ದು ಸ್ನಾನ ಮಾತ್ರ ಎಂದ. ಬರ್ನರಿಗೆ ಗ್ಯಾಸ್ ಬಿಡುವ ಜೆಟ್‌ಗಳನ್ನು ಬಿಚ್ಚಿ ತೆಳು ತಂತಿಯಲ್ಲಿ ಶುದ್ಧ ಮಾಡಿದ. ದಿನವೂ ಒರೆಸಿದರೆ ತನ್ನಂಥವನು ವರ್ಷಕ್ಕೊಮ್ಮೆ ಬಂದರೆ ಸಾಕು, ಒರೆಸದಿದ್ದರೆ ತಿಂಗಳಿಗೊಮ್ಮೆ ಬಂದರೂ ಸಾಲದು ಎಂದ. ಇದನ್ನು ಕೇಳಿ ಸೊಸೆ ಗಂಡನ ಮುಖ ನೋಡಿದಳು. ಗಂಡ ಛಾವಣಿ ನೋಡಿದ.

ಒಲೆ ಜೋಡಿಸಿ ಸಿಲಿಂಡರಿನ ರೆಗ್ಯುಲೇಟರ್ ತೆರೆದ ಮೇಲೆ ರಿಪೇರಿಯವನು ರಬ್ಬರ್ ಪೈಪನ್ನು ಬಗ್ಗಿಸಿ ನೋಡಿದಾಗ ಅದು ಒಲೆಯ ಬಾಯಲ್ಲಿ ಬಿರಿದಿತ್ತು. ಅವನು ಕೈಯಿಟ್ಟದ್ದೇ ಬಿರುಕು ಪೂರ್ತಿ ಸೀಳಿ, ಹಿಸ್ಸೆಂದು ಗ್ಯಾಸ್ ನುಗ್ಗಿತು. ಕೊಳೆತ ಮೊಟ್ಟೆಯಂಥ ವಾಸನೆ ಗಪ್ಪೆಂದು ಅಡುಗೆಮನೆ ತುಂಬಿತು. ಲಾಯರ್ ಮೂಗು ಹಿಡಿದುಕೊಂಡು ಕಿಟಕಿಗೆ ಓಡಿದಳು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮಗ ಕೆಮ್ಮುತ್ತ ಹಿತ್ತಲ ಬಾಗಿಲು ತೆಗೆದ. ರಿಪೇರಿಯವನು ರೆಗ್ಯುಲೇಟರ್ ಮುಚ್ಚಲು ಸಿಲಿಂಡರಿನತ್ತ ಬಗ್ಗಿದ. ಅಷ್ಟು ಹೊತ್ತೂ ಒಲೆಯ ಪಕ್ಕದಲ್ಲೇ, ಗ್ಯಾಸ್ ನುಗ್ಗುವ ಬಾಯಿಗೆ ಮುಖ ಕೊಟ್ಟು ನಿಂತಿದ್ದ ಅತ್ತೆ, ಆ ಸದ್ದೂ ರಿಪೇರಿಯದ್ದೇ ಎಂಬಂತೆ, ಲೈಟರ್ ಎತ್ತಿಕೊಂಡರು.

"ಆಯ್ತೇನಪ್ಪಾ? ಹಚ್ಚಿ ನೋಡ್ಲಾ?"

ರಿಪೇರಿಯವನು ಹಾವು ಕಂಡವನಂತೆ ಹಾರಿ ಅವರ ಮಣಿಕಟ್ಟು ಹಿಡಿದ. ಲೈಟರನ್ನು ಕಿತ್ತುಕೊಂಡು ಹಿತ್ತಲಿಗೆ ಎಸೆದು, ರೆಗ್ಯುಲೇಟರ್ ಮುಚ್ಚಿದ ಮೇಲೇ ಅವನಿಗೆ ಉಸಿರು ಬಂದದ್ದು. "ಅಮ್ಮಾ, ವಾಸನೆ ಬರ್ತಿಲ್ವಾ ನಿಮಗೆ?"

"ಬರ್ತಿದೆ. ಬರದೆ ಏನು," ಎಂದು ಅತ್ತೆ ಸೆರಗನ್ನು ಮೂಗಿಗೆ ತಂದುಕೊಂಡರು. ಆದರೆ ತಡವಾಗಿ ತಂದುಕೊಂಡರು.

ಹೊಸ ಪೈಪು ಕೂರಿಸಿ, ಸೋಪಿನ ನೊರೆ ಹಚ್ಚಿ ಎಲ್ಲೂ ಗುಳ್ಳೆ ಏಳುವುದಿಲ್ಲವೆಂದು ತೋರಿಸಿ ಅವನು ಹೋದ. ಸೊಸೆ ಎರಡು ಲೋಟ ತಂದು ಮೇಜಿನ ಮೇಲೆ ಅತ್ತೆಯ ಮುಂದೆ ಇಟ್ಟಳು. ಒಂದರಲ್ಲಿ ನೀರು, ಇನ್ನೊಂದರಲ್ಲಿ ವಿನೆಗರ್. ಎರಡೂ ನೋಡಲು ಒಂದೇ.

"ಯಾವುದು ನೀರು ಹೇಳಿ ಅತ್ತೆ."

ಅತ್ತೆ ಒಂದರಲ್ಲಿ ಬೆರಳದ್ದಲು ಹೋದರು. ಸೊಸೆ ಲೋಟ ಹಿಂದಕ್ಕೆಳೆದಳು. "ನಾಲಿಗೆಯಿಂದಲ್ಲ."

ಅತ್ತೆ ಎರಡೂ ಲೋಟಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಆಮೇಲೆ, ಯಾರನ್ನೂ ನೋಡದೆ, ಹೋದ ಚಳಿಗಾಲದ ಜ್ವರದಲ್ಲಿ ವಾಸನೆಯೇ ಹೋಯಿತು ಎಂದರು. ಬರುತ್ತೆ ಬರುತ್ತೆ ಅಂತ ಕಾದೆ. ಎಂಟು ತಿಂಗಳಾಯಿತು. ಸೋಪೂ ಒಂದೇ, ಸಾಸಿವೆಯೂ ಒಂದೇ.

ಸೊಸೆಗೆ ಮರುಕ ಹುಟ್ಟಬೇಕಿತ್ತು. ಹುಟ್ಟಿದ್ದು ಕೋಪ. ಎಂಟು ತಿಂಗಳು ತಾನು ಉಕ್ಕಿದ ಹಾಲು ಒರೆಸಿದ್ದು, ಮಗು ಶಾಲೆಯಿಂದ ಬಂದು ಅಜ್ಜಿಯೊಬ್ಬಳ ಜೊತೆ ಈ ಅಡುಗೆಮನೆಯಲ್ಲಿ ಕೂರುತ್ತಿದ್ದದ್ದು, ಎಲ್ಲ ಒಟ್ಟಿಗೇ ನುಗ್ಗಿ ಬಂತು. "ಮನೆಯೇ ಹಾರಿಹೋಗ್ತಿತ್ತಲ್ಲ ಅತ್ತೆ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಿದ್ರಾ ನೀವು?" ಎಂದರು ಅತ್ತೆ. "ಆಮೇಲೆ ನಾನು ಯಾರು ಈ ಮನೇಲಿ? ಮೂಲೇಲಿರೋ ಸ್ಟೂಲು."

ಮಗ ಆ ಹೊತ್ತಿಗೆ ಸರಿಯಾಗಿ ಯಜಮಾನನಾದ. ಇನ್ನು ಮೇಲೆ ಅಮ್ಮ ಒಲೆ ಮುಟ್ಟಕೂಡದು, ಮಾತು ಮುಗಿಯಿತು ಎಂದ.

ಮಾತು ಮುಗಿಯಿತು, ಕೆಲಸ ಶುರುವಾಯಿತು. ಸೊಸೆ ಐದಕ್ಕೆ ಏಳತೊಡಗಿದಳು. ಚಹಾ, ತಿಂಡಿ, ಮೂರು ಡಬ್ಬಿ, ಅತ್ತೆಯ ಮಧ್ಯಾಹ್ನದ ಊಟ, ಎಲ್ಲ ಮಾಡಿ, ಒಲೆ ಒರೆಸಿ ಓಡುತ್ತಿದ್ದಳು. ಸಂಜೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಕುಕ್ಕರ್ ಏರಿಸುತ್ತಿದ್ದಳು. ಒಲೆ ಮಾತ್ರ ಫಳಫಳ ಹೊಳೆಯಿತು. ಜ್ವಾಲೆ ನೀಲಿ ಹೂವಿನಂತೆ ಅರಳುತ್ತಿತ್ತು. ಅದನ್ನು ನೋಡಿ ಸಂತೋಷಪಡಲು ಅವಳಿಗೆ ಪುರುಸೊತ್ತಿರಲಿಲ್ಲ. ಅಂಗಡಿಯಲ್ಲಿ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಳು. ಮಗ ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ತಂದು ಗೋಡೆಗೆ ಸಿಕ್ಕಿಸಿ ತನ್ನ ಪಾಲಿನ ಕರ್ತವ್ಯ ಮುಗಿಸಿದ್ದ.

ಅತ್ತೆ ಕೋಣೆಯಲ್ಲಿ ಕೂತು ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮಡಿಸುತ್ತಿದ್ದರು. ಎರಡು ತುತ್ತು ತಿಂದು ಸಾಕೆನ್ನುತ್ತಿದ್ದರು. ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿಗೆ ಬ್ಯಾಟರಿ ಬಿಟ್ಟು ನೋಡಿ, ಜ್ವರದಲ್ಲಿ ನರ ಸೋತಿದೆ, ಬಂದರೆ ಬಂತು, ಬಾರದಿದ್ದರೆ ಇಲ್ಲ ಎಂದರು. ಹಿಂದಿರುಗುವ ದಾರಿಯಲ್ಲಿ, ಇಷ್ಟು ಹೇಳೋಕೆ ಇವನು ಅಷ್ಟೊಂದು ಓದಬೇಕಿತ್ತಾ ಎಂದು ಅತ್ತೆ ಕೇಳಿದರು. ಆ ವಾರ ಅವರಾಡಿದ ಒಂದೇ ಉದ್ದನೆಯ ಮಾತು ಅದು.

ಮೂರನೆಯ ಭಾನುವಾರ ಮಧ್ಯಾಹ್ನ ಸೊಸೆ ಎಲ್ಲರಿಗೂ ಬಡಿಸಿ, ತಾನು ಕೂರಲು ಹೋಗಿ, ಸೀದ ವಾಸನೆಗೆ ಮತ್ತೆ ಎದ್ದು ಒಳಗೋಡಿದಳು. ಪಲ್ಯ ತಳಹಿಡಿದಿತ್ತು. ಮಗ ತಟ್ಟೆ ನೋಡಿಕೊಂಡೇ, ಹೋಟೆಲಿನಿಂದ ತರಿಸಬಹುದಿತ್ತಲ್ಲ ಎಂದ.

ಲಾಯರ್ ಚಮಚ ಕೆಳಗಿಟ್ಟಳು. "ಅಪ್ಪಾ, ಅಜ್ಜಿಗೆ ಕೈ ಇದೆ, ಮೂಗಿಲ್ಲ. ನಿನಗೆ ಮೂಗಿದೆ, ಕೈ ಇಲ್ಲ. ಎಲ್ಲ ಇರೋದು ಅಮ್ಮನಿಗೆ ಅಂತ ಅಮ್ಮನೇ ಎಲ್ಲ ಮಾಡ್ಬೇಕಾ?"

ಮಗ ಬಾಯಿ ತೆರೆದ. ಸೊಸೆ ಕೈಯಲ್ಲಿ ಸುಟ್ಟ ಪಾತ್ರೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಅವಳು ಏರುದನಿಯಲ್ಲಿ ಮಾತಾಡಲಿಲ್ಲ. "ರೀ, ಬಸ್ಸಿನ ಗಾಜನ್ನ ದಿನಾ ಯಾರು ಒರೆಸ್ತಾರೆ?"

"ನಾನೇ."

"ಯಾಕೆ? ಕ್ಲೀನರ್ ಇಲ್ವಾ?"

"ಅವನು ಒರೆಸಿದ್ರೆ ಗೆರೆ ಉಳಿಯುತ್ತೆ," ಎಂದುಬಿಟ್ಟ ಮಗ. ಅಂದ ಮೇಲೆ ತಾನು ಎಲ್ಲಿ ಸಿಕ್ಕಿಬಿದ್ದೆನೆಂದು ಗೊತ್ತಾಯಿತು.

ಅಂದು ಸಂಜೆಯೇ ಪಾಠ ನಡೆಯಿತು. ಸೊಸೆ ಹೇಳಿಕೊಟ್ಟಳು, ಅವನು ನೆನೆಹಾಕಿದ, ತಿಕ್ಕಿದ, ಗುಂಡುಸೂಜಿ ಹಿಡಿದು ಒಂದು ಬರ್ನರಿಗೆ ಎಷ್ಟು ತೂತು ಎಂದು ಎಣಿಸಿ ನಿಟ್ಟುಸಿರು ಬಿಟ್ಟ. ಜೋಡಿಸುವಾಗ ಬರ್ನರಿನ ಟೋಪಿಯನ್ನು ಓರೆಯಾಗಿ ಕೂರಿಸಿದ್ದರಿಂದ ಜ್ವಾಲೆ ಒಂದೇ ಪಕ್ಕಕ್ಕೆ ಭುಗ್ಗೆಂದು ನುಗ್ಗಿ ಅವನ ಮುಂಗೈ ಕೂದಲು ಸುಟ್ಟಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಎಷ್ಟೋ ವಾರದ ಮೇಲೆ ನಕ್ಕರು. "ಕೋಳಿ ಸುಟ್ಟ ವಾಸನೆ ಬರ್ತಿರಬೇಕಲ್ಲ," ಎಂದರು. ಬರ್ತಿದೆ ಎಂದ ಮಗ, ಮುಂಗೈ ಮೂಸಿಕೊಂಡು.

ಹಾಗೆ ಹೊಸ ಏರ್ಪಾಡು ಬಂತು. ಅಡುಗೆ ಅತ್ತೆಯದು, ಆದರೆ ಮೂಗಿರುವ ಒಬ್ಬರು ಮನೆಯಲ್ಲಿದ್ದಾಗ ಮಾತ್ರ. ಬೆಳಗಿನ ಪಾಳಿಯಿಲ್ಲದ ದಿನ ಆ ಒಬ್ಬರು ಮಗ. ಉಳಿದ ದಿನ ಸೊಸೆ ಅಥವಾ ಲಾಯರ್. ಒಲೆ ಒರೆಸುವುದು ಮಗನ ಪಾಲು. ಗೋಡೆಯ ಯಂತ್ರ ಸೊಸೆಯ ಕೂದಲಿನ ಸ್ಪ್ರೇಗೂ ಕೂಗಿ ಎಲ್ಲರನ್ನೂ ಬೀದಿಗೆ ಓಡಿಸುತ್ತಿತ್ತು. ಸುಖವೇನೂ ಉಕ್ಕಿ ಹರಿಯಲಿಲ್ಲ. ಅತ್ತೆಯ ಹೊಸ ಚಾಳಿಯೊಂದು ಮನೆಯವರ ತಲೆ ತಿನ್ನತೊಡಗಿತು. ಬೆಳ್ಳುಳ್ಳಿ, ಟೊಮೇಟೊ ಅರೆದು ಬಾಣಲೆಗೆ ಹಾಕಿದ ಕೂಡಲೇ ಕೇಳಲು ಶುರು: ಹಸಿ ವಾಸನೆ ಹೋಯ್ತಾ? ಇಲ್ಲ ಎಂದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಬಣ್ಣ ನೋಡಿ ಮಾಡಿ ಅಂದರೆ, ಬಣ್ಣ ನೋಡಿ ಮಾಡೋದು ಸುಣ್ಣ ಬಳಿಯುವವರು ಎನ್ನುತ್ತಿದ್ದರು. ಸ್ನಾನ ಮಾಡುತ್ತಿದ್ದವರನ್ನೂ ಬಾಗಿಲು ಬಡಿದು ಕೇಳುತ್ತಿದ್ದರು. ಬಾಗಿಲ ಸಂದಿಯಿಂದ ಹೇಗೆ ಗೊತ್ತಾಗಬೇಕು ಅಜ್ಜೀ ಎಂದು ಲಾಯರ್ ಒಳಗಿನಿಂದ ಗೋಳಾಡುತ್ತಿದ್ದಳು.

ಹೀಗೆ ಒಂದು ತಿಂಗಳು ಕಳೆದ ಮೇಲೆ ಇನ್ನೊಂದು ಜಗಳವಾಯಿತು. ಸೊಸೆ ಪಕ್ಕದ ಮನೆಯಾಕೆಯ ಹತ್ತಿರ ಮಾತಿಗೆ ಮಾತು ಬಂದು ಅತ್ತೆಗೆ ವಾಸನೆ ತಿಳಿಯದೆಂದು ಹೇಳಿದ್ದಳು. ಅದು ಗೋಡೆ ಹಾರಿ ಅತ್ತೆಯ ಕಿವಿಗೆ ಬಂತು. ನನ್ನ ಮೂಗು ಊರಿನ ಸ್ವತ್ತಾ ಎಂದು ಅತ್ತೆ ಕೇಳಿದರು. ಹೇಳಿದರೆ ಏನು ತಪ್ಪು, ಯಾರೂ ಇಲ್ಲದಾಗ ಆಕೆಯಾದರೂ ಬಂದು ನೋಡಲಿ ಎಂದೇ ಹೇಳಿದ್ದು ಎಂದಳು ಸೊಸೆ. ಅಷ್ಟಕ್ಕೆ ನಿಲ್ಲಲಿಲ್ಲ. ಗಾಜಿನ ಮೇಲಿನ ಗೀರುಗಳೂ, ಹಳಸಿದ ಬೇಳೆಯೂ ಮತ್ತೆ ಎದ್ದು ಬಂದವು. ಸೊಸೆಗೆ ಅಂದು ರಜೆ. ಗಂಡ ಬಸ್ಸಿಗೆ, ಲಾಯರ್ ಶಾಲೆಗೆ ಹೋಗಿದ್ದರು. ಅವಳು ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಹೊರಗಿನ ಕೋಣೆಗೆ ಬಂದು, ಮುಖ ಊದಿಸಿಕೊಂಡು ಸಮವಸ್ತ್ರ ಉಜ್ಜತೊಡಗಿದಳು.

ಒಳಗೆ ಬಾಣಲೆ ಚುಂಯ್‌ಗುಟ್ಟಿತು. ಸ್ವಲ್ಪ ಹೊತ್ತಿಗೆ ಅತ್ತೆಯ ದನಿ ಬಂತು. "ಹಸಿ ವಾಸನೆ ಹೋಯ್ತಾ?"

ಸೊಸೆ ತೋಳಿನ ಮಡಿಕೆ ಸರಿಮಾಡಿದಳು.

"ಹೋಯ್ತಾ ಅಂದೆ."

ಅವಳು ಅಂಗಿಯನ್ನು ತಿರುಗಿಸಿ ಹಾಕಿದಳು. ಮೂರನೆಯ ಸಲ ಕೇಳುತ್ತಾರೆ, ಆಗ ನೋಡೋಣವೆಂದುಕೊಂಡಳು. ಅತ್ತೆ ಕೇಳಲಿಲ್ಲ. ಬಾಣಲೆಯ ಸದ್ದೂ ನಿಂತಿತು. ಈಗ ಸೀಯುತ್ತದೆ, ಸೀಯಲಿ, ಆಮೇಲೆ ಹೋಗುತ್ತೇನೆ ಎಂದು ಅವಳು ಮೂಗನ್ನೇ ಕಿವಿ ಮಾಡಿಕೊಂಡು ಕೂತಳು. ಒಂದು ಅಂಗಿ ಮುಗಿದು ಇನ್ನೊಂದಾಯಿತು. ಸೀದ ವಾಸನೆ ಬರಲಿಲ್ಲ. ಯಾವ ವಾಸನೆಯೂ ಬರಲಿಲ್ಲ. ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಒಳಗೋಡಿದಳು.

ಒಲೆ ಆರಿತ್ತು. ಅರೆಬೆಂದ ಬೆಳ್ಳುಳ್ಳಿ, ಟೊಮೇಟೊ ಬಾಣಲೆಯಲ್ಲಿ ತಣ್ಣಗಾಗಿ ಕೂತಿತ್ತು. ಅತ್ತೆ ಕೈಯಲ್ಲಿ ಸೌಟು ಹಿಡಿದು ಕಟ್ಟೆಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ.

"ಯಾಕೆ ಆರಿಸಿಬಿಟ್ರಿ?"

"ನೀನು ಹೇಳ್ಲಿಲ್ವಲ್ಲ."

ಮೂವತ್ತೊಂದು ವರ್ಷ ಯಾರನ್ನೂ ಕೇಳದೆ ಅಡುಗೆ ಮಾಡಿದ ಹೆಂಗಸು, ಕೇಳಿ ಉತ್ತರ ಸಿಗದೆ ಒಲೆ ಆರಿಸಿ ಕಾಯುತ್ತಿದ್ದರು. ಸೊಸೆ ಬಾಣಲೆಯ ಮೇಲೆ ಬಗ್ಗಿ ಮೂಸಿ ನೋಡಿದಳು.

"ಇನ್ನೂ ಹಸಿ ಇದೆ ಅತ್ತೆ. ಹಚ್ಚಿ."

ಅತ್ತೆ ಹಚ್ಚಿದರು. ಸೊಸೆ ಹೊರಗೆ ಹೋಗದೆ ಪಕ್ಕದಲ್ಲೇ ನಿಂತಳು. ಎಣ್ಣೆ ಕಾಯಿತು, ಬಾಣಲೆಯ ಅಂಚಿನಲ್ಲಿ ಗುಳ್ಳೆ ಎದ್ದಿತು.

"ಈಗ?"

"ಇಲ್ಲ."

"ಈಗ ಹೋಗಿರಬೇಕು."

"ಅತ್ತೆ, ಹೋದಾಗ ನಾನೇ ಹೇಳ್ತೀನಿ. ಸ್ವಲ್ಪ ತಡೀರಿ."

ಅತ್ತೆ ಉರಿ ಸಣ್ಣಗೆ ಮಾಡಿ, ಸೌಟಾಡಿಸುತ್ತ, ಸೊಸೆಯ ಮುಖವನ್ನೇ ನೋಡುತ್ತ ನಿಂತರು.